ಬೀಳಲೊಲ್ಲದ ಗೋಡೆ

ವಿಶ್ವವಿದ್ಯಾಲಯದ ಪ್ರಕೃತಿ ವಿಕೋಪ ಸಂಶೋಧನಾ ಕೇಂದ್ರದಲ್ಲಿ ಮೇಸ್ತ್ರಿಯು ಕೆಲಸಕ್ಕೆ ಸೇರಿದ್ದು ೧೯೯೪ರ ಜೂನ್ ೬, ಸೋಮವಾರದಂದು. ಅಂದಿನಿಂದ ಅವನು ಕಟ್ಟಿದ ಒಂದು ಗೋಡೆಯೂ ಉಳಿದಿರಲಿಲ್ಲ. ಉಳಿಯಬಾರದೆಂದೇ ಅವನಿಗೆ ಸಂಬಳ. ಅಂಗಳದಷ್ಟು ಅಗಲದ ಉಕ್ಕಿನ ಹಲಗೆಯ ಮೇಲೆ ಅವನು ಬಡವರ ಮನೆಗಳ ತದ್ರೂಪು ಕಟ್ಟಬೇಕು. ಯಂತ್ರದ ತೋಳುಗಳು ಭೂಕಂಪದಂತೆ ಆ ಹಲಗೆಯನ್ನು ಕುಲುಕಿ ಕೆಡವಬೇಕು. ಮೊದಲು ಸೀಳಿದ್ದು ಎಲ್ಲಿ ಎಂಬುದನ್ನು ಕೇಂದ್ರದ ಮೇಡಂ ನೋಡಬೇಕು.

"ಕೆಟ್ಟದಾಗಿ ಕಟ್ಟಿ ಬಡ್ತಿ ಹೊಡೆದೋನು ಲೋಕದಲ್ಲಿ ನೀನೊಬ್ನೇ ಕಣಯ್ಯ," ಎಂದು ಯಂತ್ರದ ಆಪರೇಟರು ಛೇಡಿಸುತ್ತಿದ್ದ.

ಕೆಟ್ಟದಾಗಿ ಕಟ್ಟುವುದು ಸುಲಭವೆಂದು ಯಾರೂ ತಿಳಿಯಬಾರದು. ಮೂಲೆಯ ಇಟ್ಟಿಗೆಗಳು ಒಂದನ್ನೊಂದು ಕಚ್ಚದಂತೆ ಇಡಲು, ಗಾರೆಯ ಬದಲು ಬರಿಯ ಕೆಸರು ತುಂಬಲು, ಪಳಗಿದ ಕೈ ಪ್ರತಿದಿನವೂ ಹಟ ಮಾಡುತ್ತಿತ್ತು.

೨೦೦೭ರಲ್ಲಿ ರೈಲು ಹಳಿಯ ಪಕ್ಕದ ಸಾಲುಮನೆಗಳ ಸರದಿ ಬಂತು. ತದ್ರೂಪು ಬಿದ್ದರೆ ನಗರಸಭೆ ಆ ಮನೆಗಳನ್ನು ತೆರವುಗೊಳಿಸುತ್ತದೆ. ನಿಂತರೆ ಜನರನ್ನು ಅಲ್ಲಿಯೇ ಬಿಡುತ್ತದೆ. ಸಾಲಿನ ಕೊನೆಯ ಮನೆಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದವಳು ಮೇಸ್ತ್ರಿಯ ಅಕ್ಕ. ತಾಯಿಯಿಲ್ಲದ ಅವನನ್ನು ಸಾಕಿದವಳೂ ಅವಳೇ.

"ನಿನ್ನ ಗೋಡೆ ಬಿದ್ರೆ ನಾನು ಬೀದಿಗೆ ಬೀಳ್ತೀನಿ, ನೆನಪಿರ್ಲಿ."

"ಅಕ್ಕಾ, ಅದು ಪರೀಕ್ಷೆ ಕಣೇ."

"ನಿಮ್ಮ ಮೇಡಮ್ಮಂಗೆ ಪರೀಕ್ಷೆ. ನಂಗೆ ಮನೆ. ತುತ್ತು ಕೊಟ್ಟ ಕೈಗೆ ಇಷ್ಟೂ ಮಾಡಲ್ವೇನೋ?"

ಮೇಸ್ತ್ರಿ ಕೆಸರಿಗೆ ಸಿಮೆಂಟು ಬೆರೆಸಿ ಕಟ್ಟಿದ. ಮೇಲೆ ಮಣ್ಣು ಮೆತ್ತಿ ಮರೆಮಾಡಿದ.

ಮಾರ್ಚ್ ೧೫ರ ಗುರುವಾರ ಹಲಗೆ ಹುಚ್ಚೆದ್ದ ಗೂಳಿಯಂತೆ ಎಡಬಲಕ್ಕೆ ಹಾಯ್ದಿತು. ಹೆಂಚುಗಳು ಸಿಡಿದವು, ಬಾಗಿಲು ಚೌಕಟ್ಟಿನಿಂದ ಕಿತ್ತು ಹಾರಿತು. ಗೋಡೆಗಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಪರವಾಗಿಲ್ವೇ! ಜನ ಅಲ್ಲೇ ಇರಲಿ ಅಂತ ಬರೆದುಬಿಡೋಣ," ಎಂದರು ಮೇಡಂ.

ಇರಲಿ ಎಂಬ ಆ ಮಾತು ಮೇಸ್ತ್ರಿಯ ಎದೆಗೆ ಗುದ್ದಿದಂತಾಯಿತು. ಅಕ್ಕ ಇರುವುದು ಈ ಗೋಡೆಗಳ ನಡುವೆಯಲ್ಲ, ಬರಿಯ ಕೆಸರಿನ ಗೋಡೆಗಳ ನಡುವೆ! ಅವನು ಸುತ್ತಿಗೆ ಎತ್ತಿ ಮೂಲೆಗೆ ಬೀಸಿದ. ಚೂರು ಹಾರಿ ಆಪರೇಟರನ ಕೆನ್ನೆ ಕೊಯ್ದರೂ ನಿಲ್ಲಿಸಲಿಲ್ಲ. ಮಣ್ಣು ಉದುರಿ ಬೂದುಬಣ್ಣ ಕಾಣುವವರೆಗೂ ಬಡಿದ.

"ನೋಡಿ ಮೇಡಂ. ಸಿಮೆಂಟು. ನಾನೇ ಹಾಕ್ದೆ."

ಮೇಡಂ ಸುತ್ತಿಗೆಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದರು. "ನಿನ್ನ ಕೈ ನಂಬಿ ಎಷ್ಟು ವರದಿ ಬರೆದಿದ್ದೀನೋ! ಅವಕ್ಕೆಲ್ಲ ಈಗ ಏನು ಹೇಳ್ಲಿ? ನನ್ನ ಕಣ್ಣೆದುರಿಗೇ ಇನ್ನೊಂದು ಕಟ್ಟು. ಆಮೇಲೆ ತೊಲಗು."

ಸುದ್ದಿ ತಿಳಿದ ಅಕ್ಕ ಬಾಗಿಲಲ್ಲಿ ನಿಂತ ತಮ್ಮನ ಮೇಲೆ ಕತ್ತರಿಯನ್ನೇ ಎಸೆದಳು. "ಉಂಡ ಮನೆಗೆ ಎರಡು ಬಗೆದೆಯಲ್ಲೋ!" ಹುಬ್ಬು ಸೀಳಿತು.

ಏಪ್ರಿಲ್ ೨೬ರ ಎರಡನೆಯ ಪರೀಕ್ಷೆಗೆ ಮೇಡಂ ಸಾಲುಮನೆಯವರನ್ನೆಲ್ಲ ಕರೆಸಿದ್ದರು. ತದ್ರೂಪಿನೊಳಗೆ, ಅಲ್ಲಿಯ ಜನ ಮಲಗುವ ಜಾಗದಲ್ಲೇ, ಒಂದು ಮಂಚ; ಅದರ ಮೇಲೆ ಆಳುದ್ದದ ಮರಳಿನ ಚೀಲ. ಅಕ್ಕ ಎಲ್ಲರಿಗಿಂತ ಮುಂದೆ ಸೆರಗು ಬಿಗಿದು ನಿಂತಿದ್ದಳು. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಹಲಗೆ ಗುಡುಗಿತು. ಮೂಲೆ ಬಾಯ್ತೆರೆಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಗೋಡೆ ಮಂಚದ ಮೇಲೆ ಒರಗಿತು. ಮಂಚದ ಕಾಲುಗಳು ಲಟಲಟನೆ ಮುರಿದವು, ಚೀಲ ಬಿರಿದು ಮರಳು ಇಟ್ಟಿಗೆಗಳ ಸಂದಿನಿಂದ ಬುಳುಬುಳು ಹರಿಯಿತು.

ಧೂಳು ಇಳಿಯುವ ಮೊದಲೇ ಅಕ್ಕ ತಮ್ಮನ ಅಂಗಿ ಹಿಡಿದು ಎದೆಗೆ ಗುದ್ದತೊಡಗಿದಳು.

"ಇದ್ರ ಕೆಳಗೆ ನನ್ನ ಮಲಗಿಸೋಕೆ ಹೊರಟಿದ್ಯಲ್ಲೋ, ಪಾಪಿ! ನಾನು ಕೇಳಿದ್ರೆ ಮಾಡಿಬಿಡೋದಾ? ನಂಗೆ ಬುದ್ಧಿ ಇರ್ಲಿಲ್ಲ, ನಿಂಗೂ ಇರ್ಲಿಲ್ವಾ?"

ಹಿಡಿಯಲು ಬಂದ ಆಪರೇಟರನನ್ನು ಮೇಸ್ತ್ರಿ ಕೈಯೆತ್ತಿ ತಡೆದ. ಅವಳು ದಣಿಯುವವರೆಗೂ ಹೊಡೆಸಿಕೊಂಡ.

"ಸಾಕು ನಡಿಯೇ," ಎಂದ ಆಮೇಲೆ. "ಹೊಲಿಗೆ ಮಿಷನ್ನು ಮೊದಲು ಹೊರಗೆ ತೆಗೀಬೇಕು."