ಮೂಗಿನ ಮೇಸ್ತ್ರಿ ಅಂಕಿ ಕಲಿತದ್ದು

ಇಂಜಿನ್ ಬಿಟ್ಟ ಹೊಗೆಯನ್ನು ಒಮ್ಮೆ ಮೂಸಿದರೆ ಸಾಕು, ಪೆಟ್ರೋಲ್ ಹೆಚ್ಚಾಗಿದೆಯೋ ಗಾಳಿ ಹೆಚ್ಚಾಗಿದೆಯೋ ಅವನು ಹೇಳಿಬಿಡುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಮೂಗಿನ ಮೇಸ್ತ್ರಿ ಎನ್ನುತ್ತಿದ್ದರು. ಮೂವತ್ತೆರಡು ವರ್ಷ ಆ ಮೂಗೇ ಅವನಿಗೆ ಅನ್ನ ಹಾಕಿತ್ತು. ಐವತ್ತೈದರ ಆಸುಪಾಸಿನಲ್ಲಿ ಒಂದು ಜ್ವರ ಬಂತು. ಹತ್ತು ದಿನಕ್ಕೆ ಜ್ವರ ಬಿಟ್ಟಿತು; ಬಿಡುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು.

ಯಾರಿಗೂ ಹೇಳಲಿಲ್ಲ. ತನ್ನ ರಿಪೇರಿ ಶೆಡ್ಡಿನ ಬಾಗಿಲು ತೆರೆದು ಸ್ಟೂಲಿನ ಮೇಲೆ ಕೂರುತ್ತಿದ್ದ. ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಅದರೊಳಗೆ ಧೂಳು ತೇಲುವುದನ್ನೇ ನೋಡುತ್ತ ಹೊತ್ತು ಕಳೆಯುತ್ತಿದ್ದ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಅವಧಿಗೆ ಮುನ್ನವೇ ನಿವೃತ್ತಿ ಪಡೆದವಳು. ಒಂದು ದಿನ ಅಡುಗೆಮನೆಯಲ್ಲಿ ಹಾಲು ಸೀದು ಕರಕಲಾದರೂ ಪಕ್ಕದ ಕೋಣೆಯಲ್ಲಿ ನೆಮ್ಮದಿಯಾಗಿ ಪೇಪರು ಓದುತ್ತಿದ್ದವನನ್ನು ಕಂಡು, "ರೀ, ಎಷ್ಟು ದಿನದಿಂದ?" ಎಂದಷ್ಟೇ ಕೇಳಿದಳು.

ಮುಂದಿನ ವಾರ, ನರ್ಸರಿ ನಡೆಸುವ ಗಿಡದಮ್ಮ ತನ್ನ ಹಳೆಯ ಪೆಟ್ರೋಲ್ ಲಾರಿಯನ್ನು ತಂದು ನಿಲ್ಲಿಸಿದಳು. "ಮೇಸ್ತ್ರೀ, ಸಮ ರಸ್ತೇಲಿ ಹೇಗೋ ಓಡುತ್ತೆ, ದಿಬ್ಬ ಹತ್ತೋವಾಗ ಮುಗ್ಗರಿಸುತ್ತೆ. ಒಂದ್ಸಲ ಮೂಸಿ ನೋಡಿ."

ಅವನು ಬಗ್ಗಿ ಸೈಲೆನ್ಸರಿನ ಬಾಯಿಗೆ ಮುಖವೊಡ್ಡಿದ. ಬಿಸಿ ಮಾತ್ರ ತಾಕಿತು. ಎದ್ದು ನಿಂತು ಹೇಳಿದ: "ಗಿಡದಮ್ಮ, ನನ್ನ ಮೂಗು ಸತ್ತೋಗಿದೆ."

ಅವಳು ನಗಲಿಲ್ಲ. "ಹಾಗಾದ್ರೆ ಬೇರೆ ದಾರಿ ಹುಡುಕಿ. ಲಾರಿ ಇಲ್ಲೇ ಇರ್ಲಿ. ಗಿಡ ಬೆಳೆಸೋಳು ನಾನು, ನನಗೆಂಥ ಅವಸರ?"

ಬೇರೆ ದಾರಿಯೆಂದರೆ ಅಂಗೈಯಗಲದ ಒಂದು ಮೀಟರ್. ಅದರ ಸೆನ್ಸರನ್ನು ಹೊಗೆ ಕೊಳವೆಗೆ ಕೂರಿಸಿದರೆ, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ಅಂಕಿ ತೋರಿಸುತ್ತಿತ್ತು. ಹದಿನಾಲ್ಕೂವರೆ ಹದ, ಏರಿದರೆ ಗಾಳಿ ಹೆಚ್ಚು, ಇಳಿದರೆ ಪೆಟ್ರೋಲ್ ಹೆಚ್ಚು. ದಿಬ್ಬದಲ್ಲಿ ಮಾತ್ರ ಹದಿಮೂರಕ್ಕೆ ಇಳಿಯಬೇಕು. "ಮೂಗಿಗಿಂತ ಮೂಗುತಿ ಭಾರ," ಎಂದು ಗೊಣಗುತ್ತಲೇ ಕೂರಿಸಿದ. ಆದರೆ ಅಂಕಿ ನೊಣದ ಹಾಗೆ, ಒಂದೆಡೆ ನಿಲ್ಲದು. ಅದನ್ನು ನೋಡುವುದೋ, ರಸ್ತೆ ನೋಡುವುದೋ?

"ನೀವು ಓಡ್ಸಿ, ನಾನು ಬರ್ಕೋತೀನಿ," ಎಂದು ಹೆಂಡತಿ ಪಕ್ಕದ ಸೀಟು ಹತ್ತಿದಳು. ನೋಟ್‌ಬುಕ್ಕಿನಲ್ಲಿ ವಾರ್ಡಿನ ಚಾರ್ಟಿನಂತೆ ಗೆರೆ ಎಳೆದಳು: ಹೊತ್ತು, ಗೇರು, ವೇಗ, ದಾರಿ, ಅಂಕಿ. "ಒಂದ್ಸಲಕ್ಕೆ ಒಂದೇ ಔಷಧಿ ಬದಲಾಯಿಸ್ಬೇಕು. ಎರಡು ಕೊಟ್ರೆ ಯಾವುದು ನಾಟ್ತು ಅಂತ ಗೊತ್ತಾಗಲ್ಲ."

ಬೆಳಗಿನ ಮಂಜಿನಲ್ಲಿ ಹೊರಡುತ್ತಿದ್ದರು. ಮೀಟರಿನ ನೀಲಿ ಅಂಕಿ ಮುಂದಿನ ಗಾಜಿನಲ್ಲಿ ಮೂಡಿ, ರಸ್ತೆಯ ಮೇಲೆ ತಾನೇ ತೇಲಿಹೋಗುತ್ತಿರುವಂತೆ ಕಾಣುತ್ತಿತ್ತು. "ಹದಿನಾರೂವರೆ... ಹದಿನೇಳು..." ಮಗುವನ್ನು ಮಲಗಿಸುವ ದನಿಯಲ್ಲಿ ಅವಳು ಓದುತ್ತಿದ್ದಳು. ಮರಗಳು ಹತ್ತಿರ ಬಂದು, ಮರಗಳಾಗಿ, ಮತ್ತೆ ಮಂಜಾಗುತ್ತಿದ್ದವು.

ಗಾಳಿ ಹೆಚ್ಚಾಗಿದೆಯೆಂದು ಅವನು ಕಾರ್ಬುರೇಟರಿನ ಜೆಟ್ ಬದಲಿಸಿದ. ಪೆಟ್ರೋಲ್ ಹಾಯುವ ಆ ಹಿತ್ತಾಳೆಯ ತೂತು ಸಾಲದೆಂದು ಇನ್ನೂ ದೊಡ್ಡದು, ಅದಕ್ಕಿಂತ ದೊಡ್ಡದು ಹಾಕಿದ. ನಾಲ್ಕನೆಯ ದಿನ ಬೆಳಗ್ಗೆ ನಡುದಿಬ್ಬದಲ್ಲಿ ಲಾರಿ ಕಪ್ಪು ಹೊಗೆ ಕಾರಿ ನಿಂತೇಹೋಯಿತು.

"ಅಯ್ಯೋ, ಪೆಟ್ರೋಲ್ ಟ್ಯಾಂಕಿನೊಳಗೇ ಕೂತ ಹಾಗಿದೆ!" ಎಂದು ಹೆಂಡತಿ ಮೂಗು ಮುಚ್ಚಿಕೊಂಡಳು. ಅವನಿಗೇನೂ ತಿಳಿಯಲಿಲ್ಲ. ಸ್ಟಿಯರಿಂಗಿಗೆ ಹಣೆಯೂರಿದ. "ಸಾಕು ಕಣೇ. ಶೆಡ್ ಮುಚ್ಚಿಬಿಡ್ತೀನಿ."

ಅವಳು ಪುಟ ತಿರುವುತ್ತಿದ್ದಳು. "ಇಲ್ನೋಡಿ. ದಿಬ್ಬದಲ್ಲಿ ಹತ್ತು ಅಂತಿದೆ, ನಿಂತಲ್ಲೇ ಓಡ್ತಿದ್ರೆ ಹದಿನಾರು. ಇಷ್ಟು ಪೆಟ್ರೋಲ್ ನಾತ ಇದ್ರೂ ಗಾಳಿ ಹೆಚ್ಚು ಅಂತಿದೆ. ರೋಗಿ ಮೈ ಸುಡ್ತಾ ಇದೆ, ಥರ್ಮಾಮೀಟರ್ ಜ್ವರ ಇಲ್ಲ ಅಂತಿದೆ. ಅಂಥ ಹೊತ್ತಲ್ಲಿ ನಾವು ಮೊದಲು ಥರ್ಮಾಮೀಟರನ್ನೇ ನೋಡ್ತಿದ್ವಿ."

ಅವನು ತಲೆಯೆತ್ತಿದ. ಕೊಳವೆ ಎಲ್ಲೋ ಸೀಳಿದ್ದರೆ? ಹೊರಗಿನ ಗಾಳಿ ನುಸುಳಿ ಸೆನ್ಸರಿಗೆ ಸುಳ್ಳು ಹೇಳುತ್ತಿದ್ದರೆ?

ಶೆಡ್ಡಿಗೆ ಎಳೆತಂದು, ಇಂಜಿನ್ ಆರಿದ ಮೇಲೆ ಕೊಳವೆಗೆ ಗಾಳಿಯೂದಿ, ಜೋಡಣೆಗಳ ಮೇಲೆ ಸೋಪಿನ ನೀರು ಸವರಿದ. ಸೆನ್ಸರಿಗಿಂತ ಮೊದಲು, ಇಂಜಿನ್ ಕಡೆಯ ಜೋಡಣೆಯಲ್ಲಿ ಗುಳ್ಳೆಗಳೆದ್ದವು. ಇಬ್ಬರೂ ಲಾರಿಯಡಿ ಪಕ್ಕಪಕ್ಕ ಮಲಗಿ ನೋಡಿದರು. ಬಣ್ಣಬಣ್ಣದ ಗುಳ್ಳೆಗಳು ಉಬ್ಬುತ್ತಿದ್ದವು, ಒಡೆಯುತ್ತಿದ್ದವು. ತಪ್ಪು ಸಿಕ್ಕಿದ ಮೇಲೂ ಎಷ್ಟೋ ಹೊತ್ತು ಏಳಲಿಲ್ಲ.

ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿ, ಹಳೆಯ ಜೆಟ್ಟನ್ನೇ ಹಾಕಿ, ಹೊಸ ಪುಟದಲ್ಲಿ ಮೊದಲಿನಿಂದ ಬರೆದರು. ಸಮ ರಸ್ತೆಯಲ್ಲಿ ಹದಿನಾಲ್ಕೂವರೆ. ದಿಬ್ಬದಲ್ಲಿ ಮಾತ್ರ ಹದಿನಾರು. ಈಗ ರೋಗ ಕೈಗೆ ಸಿಕ್ಕಿತು. ಏರಿನಲ್ಲಿ ಹೆಚ್ಚುವರಿ ಪೆಟ್ರೋಲ್ ಕೊಡಬೇಕಾದ ಪುಟ್ಟ ವಾಲ್ವ್ ಕಸ ಕಟ್ಟಿ ಅಂಟಿಕೊಂಡಿತ್ತು. ಬಿಚ್ಚಿ ತೊಳೆದ.

ಮರುದಿನ ಗಿಡದಮ್ಮನೂ ಹತ್ತಿದಳು. ಹಿಂದೆ ನೂರಾರು ಸಸಿಗಳು ತಲೆಯಾಡಿಸುತ್ತ ಬಂದವು. ದಿಬ್ಬದ ಬುಡದಲ್ಲಿ ಅವನು ಆಕ್ಸಿಲರೇಟರ್ ಅದುಮಿದ. "ಹದಿನಾಲ್ಕು... ಹದಿಮೂರು... ಹನ್ನೆರಡು ಪಾಯಿಂಟ್ ಎಂಟು," ಎಂದಳು ಹೆಂಡತಿ. ಅಂಕಿ ಅಲ್ಲೇ ನಿಂತಿತು. ಎಲ್ಲೂ ಮುಗ್ಗರಿಸದೆ ಲಾರಿ ನೆತ್ತಿ ಮುಟ್ಟಿತು.

"ಹತ್ತಿದ್ದೇ ಗೊತ್ತಾಗ್ಲಿಲ್ಲವಲ್ಲ ಮೇಸ್ತ್ರೀ!" ಎಂದಳು ಗಿಡದಮ್ಮ. ಅವನು ಕಣ್ಣೊರೆಸಿಕೊಂಡು, ಮಂಜು ಕಣ್ಣಿಗೆ ಬಿತ್ತು ಎಂದ.

ವಾಸನೆ ಮರಳಲಿಲ್ಲ. ಆದರೂ ಅವನು ಇನ್ನೂ ಹನ್ನೊಂದು ವರ್ಷ ಕೆಲಸ ಮಾಡಿದ. ಹೆಂಡತಿಯ ನೋಟ್‌ಬುಕ್ಕುಗಳು ಶೆಡ್ಡಿನ ಕಪಾಟು ತುಂಬಿದವು. ಕೆಲಸವಿಲ್ಲದ ಬೆಳಗುಗಳಲ್ಲೂ ಇಬ್ಬರೂ ಯಾವುದಾದರೂ ಗಾಡಿ ಹತ್ತಿ ಹೊರಡುವುದು ರೂಢಿಯಾಯಿತು. ಅಂಥ ಒಂದು ಪುಟದಲ್ಲಿ ಅಂಕಿಯೇ ಇಲ್ಲ; ಗೆರೆಗಳ ನಡುವೆ ಅವಳ ಓರೆ ಅಕ್ಷರದಲ್ಲಿ ಇಷ್ಟೇ ಇದೆ: "ದಟ್ಟ ಮಂಜು. ನಿಧಾನ ಹೋದೆವು. ಬರೆಯಲು ಮರೆತೆ."