ಎರಡು ಅಂಗೈಗಳ ಪಾಠ

ಮಲೇಷ್ಯಾದ ಸೈಬರ್‌ಜಯಾದ ನಮ್ಮ ಆಫೀಸಿನಲ್ಲಿ ಕಟ್ಟಡಗಳ ಲೆಕ್ಕ ನೋಡುತ್ತಿದ್ದ ಹಿರಿಯ ಎಂಜಿನಿಯರ್ ಹುಬ್ಬಳ್ಳಿ ಕಡೆಯವರು. ಸಾಫ್ಟ್‌ವೇರ್‌ನಲ್ಲಿ ಆಸರೆಗೆ ಬರೀ ಆತುಕೊಂಡ ತೊಲೆಯ ತುದಿಯನ್ನು ನಾವು ಒತ್ತುವ, ಎಳೆಯುವ ಎರಡೂ ದಿಕ್ಕಿಗೆ ಸಡಿಲ ಬಿಟ್ಟರೆ ಅವರು ಬೈಯುತ್ತಿರಲಿಲ್ಲ. "ಯಾವ ಕಡೀಗೆ?" ಎಂದಷ್ಟೇ ಕೇಳಿ, ಅಂಗೈಗೆ ಅಂಗೈ ಒತ್ತಿ ತೋರಿಸುತ್ತಿದ್ದರು. "ಒತ್ತಿದ್ರ ತಡೀತದ. ಎಳದ್ರ ಬಿಡ್ತದ. ಒಂದ ಕಡೀಗಷ್ಟ ಬಿಡಬೇಕವಾ." ಆಗ ಎರಡೂ ಕೈ ದೂರ ಸರಿಯುತ್ತಿದ್ದವು. ನೇರವಾಗಿ ಉತ್ತರ ಹೇಳಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು.

ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತು. ಕೆಲಸ ಬಿಟ್ಟು ಊರಿಗೆ ಹೊರಡುವ ಮುನ್ನ ಒಂದು ಮಧ್ಯಾಹ್ನ ಆಫೀಸಿನ ಕೆಳಗಿನ ಮಾಮಕ್ ಅಂಗಡಿಗೆ, ಅಲ್ಲಿನ ತಮಿಳು ಮುಸ್ಲಿಮರ ಹೋಟೆಲಿಗೆ, ಚಹಾಕ್ಕೆ ಬಂದರು. ಏನು ಮಾತಾಡಬೇಕೋ ತೋಚದೆ ನಾನು ಯಾವುದೋ ತೊಲೆಯ ಅನುಮಾನ ಕೇಳಿದೆ.

"ಯಾವ ಕಡೀಗೆ?" ಎಂದು ಅಭ್ಯಾಸದಂತೆ ಎಡಗೈ ಎತ್ತಿದರು. ಬಲಗೈ ತೊಡೆಯ ಮೇಲಿಂದ ಏಳಲಿಲ್ಲ. ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ನಾನು ನನ್ನ ಅಂಗೈ ಮುಂದೆ ಹಿಡಿದೆ.

ಅವರು ಒತ್ತಿದರು. "ತಡೀತದ" ಎಂದರು. ಮುಂದಿನದು ನನಗೆ ಗೊತ್ತಿತ್ತು, ಈಗ ಎಳೆದು ತೋರಿಸಬೇಕು. ಚಹಾ ಆರಿತು. ಅವರು ಕೈ ಎಳೆಯಲಿಲ್ಲ.