ಡಬ್ಬಿ ಬಿಡದ ಹೆಣ

ಸಿನಿಮಾ ಯೂನಿಟ್ಟಿನವರು ಅವನಿಗಿಟ್ಟ ಹೆಸರು ‘ಹೆಣ’. ಬೇಜಾರು ಮಾಡಿಕೊಳ್ಳೋಣವೆಂದರೆ ಸುಳ್ಳೂ ಅಲ್ಲ. ಗುಂಪಿನ ದೃಶ್ಯಗಳಿಗೆ ದಿನಗೂಲಿಯ ಮೇಲೆ ನಿಲ್ಲುವ ಜೂನಿಯರ್ ಆರ್ಟಿಸ್ಟ್. ಮುಖ ಎಂಥದ್ದೆಂದರೆ, ಎದುರಿಗೆ ನಿಂತರೂ ಕ್ಯಾಮೆರಾ ಪಕ್ಕದವನನ್ನೇ ನೋಡುತ್ತಿತ್ತು. ಆದರೆ ಬೀಳುವುದರಲ್ಲಿ ಎತ್ತಿದ ಕೈ. ಯುದ್ಧ, ಭೂಕಂಪ, ಕಾಲರಾ, ಯಾವುದಕ್ಕಾದರೂ ಹೇಳಿ ಮಾಡಿಸಿದ ಹಾಗೆ ಸಾಯುತ್ತಿದ್ದ. ಒಮ್ಮೆ ಬದುಕಿರುವ ಪಾತ್ರವೂ ಸಿಕ್ಕಿತ್ತು, ಎಡಿಟಿಂಗಿನಲ್ಲಿ ಹೋಯಿತು.

ತಾನಿರುವ ಸಿನಿಮಾ ನೋಡಲು ಹೋಗುವ ಮುಂಚೆ, ತಾನು ಎಲ್ಲಿ ಸಾಯುತ್ತೇನೆಂದು ಅಮ್ಮನಿಗೆ ಹೇಳಬೇಕು. ಅದು ಮನೆಯ ಕಟ್ಟಳೆ. ‘ಸೇತುವೆ ಮುರಿದಾಗ’ ಅಂದರೆ, ಸೇತುವೆ ಅಲುಗಾಡುತ್ತಲೇ ಅವಳು ಎದ್ದು ಹೊರಗೆ ಹೋಗಿ ಟೀ ಕುಡಿದು ಬರುವಳು. ಮನೆಗೆ ಒಂದು ಸಾವು ಸಾಕು ಎಂಬುದು ಅವಳ ವಾದ.

ಆ ಒಂದು ಸಾವು ಅಪ್ಪನದು. ಇವನಿನ್ನೂ ತೊಟ್ಟಿಲಲ್ಲಿದ್ದಾಗ, ಕೆಲಸದಿಂದ ತೆಗೆದವರನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಡಲು ಗಿರಣಿ ಕೆಲಸಗಾರರೆಲ್ಲ ಸಾಲಾಗಿ, ಒಂದು ಕಲ್ಲನ್ನೂ ಮುಟ್ಟದೆ ಹೊರಟಿದ್ದರು. ಚೌಕದಲ್ಲಿ ಗುಂಡು ಹಾರಿತು. ಆ ಮಾತೆತ್ತಿದರೆ ಅಮ್ಮ ಹೊಲಿಗೆ ಮೆಷಿನ್ನನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ಈಗ ಅದೇ ಮೆರವಣಿಗೆಯ ಸಿನಿಮಾ. ಹೆಣಕ್ಕೆ ಮೊದಲ ಸಾಲಿನಲ್ಲೇ ಜಾಗ. ಹಿಗ್ಗಬೇಕೋ ನಾಚಬೇಕೋ ತಿಳಿಯದೆ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಶೂಟಿಂಗಿನ ಹಿಂದಿನ ಸಂಜೆ ಹೇಳಿಯೇಬಿಟ್ಟ. ಬೇಡ ಅಂದರೆ ಬಿಡುವುದೆಂದೂ ನಿರ್ಧರಿಸಿದ್ದ.

ಮೆಷಿನ್ ನಿಂತಿತು.

“ಕೈಯಲ್ಲಿ ಏನಿರುತ್ತೆ?”

“ಬಾವುಟ ಕೊಡ್ತಾರಂತೆ.”

“ಅವರ ಕೈಲಿ ಬಾವುಟ ಎಲ್ಲಿತ್ತು? ಊಟದ ಡಬ್ಬಿ ಇತ್ತು. ಅರ್ಜಿ ಕೊಟ್ಟು ಹಾಗೇ ಎರಡನೇ ಪಾಳಿಗೆ ಹೋಗ್ತೀನಿ ಅಂದಿದ್ರು.”

ಅವಳೆದ್ದು, ಅಟ್ಟದ ಮೇಲಿದ್ದ ಹಳೇ ಡಬ್ಬಿ ಇಳಿಸಿ, ಸೆರಗಿನಿಂದ ಒರೆಸಿ, ಅವನ ಮುಂದಿಟ್ಟಳು.

ಮಾರನೆಯ ದಿನ ಸಹಾಯಕ ನಿರ್ದೇಶಕನಿಗೆ ಡಬ್ಬಿ ಬಹಳ ಹಿಡಿಸಿತು. “ಬಿದ್ದ ತಕ್ಷಣ ಕೈ ಬಿಡು. ಉರುಳಬೇಕು, ಮುಚ್ಚಳ ಹಾರಬೇಕು.”

ಗುಂಡಿನ ಸದ್ದಾಯಿತು. ಹೆಣ ಬಿದ್ದ. ಡಬ್ಬಿ ಕೈಯಲ್ಲೇ ಇತ್ತು. ಮತ್ತೆ ಬಿದ್ದ, ಮತ್ತೆ ಕೈಯಲ್ಲೇ. ಬೆರಳು ಸಡಿಲಿಸಬೇಕೆಂದು ಬೀಳುವ ಮುಂಚೆ ಅಂದುಕೊಳ್ಳುತ್ತಿದ್ದ. ನೆಲ ಮುಟ್ಟಿದ ಕೂಡಲೇ ಹಿಡಿತ ಇನ್ನಷ್ಟು ಬಿಗಿಯಾಗುತ್ತಿತ್ತು.

“ಇಷ್ಟು ಹಟದ ಹೆಣವನ್ನ ನಾನು ಕಂಡಿಲ್ಲ ಮಾರಾಯ,” ಅಂದ ಸಹಾಯಕ. ಸುತ್ತ ಸತ್ತುಬಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಬೆಳಕು ಇಳಿಯಿತು. ‘ಇದ್ದದ್ದೇ ಇರಲಿ’ ಎಂದು ಗಂಟುಮೂಟೆ ಕಟ್ಟಿದರು. ಕಲಿತ ಒಂದೇ ವಿದ್ಯೆಯೂ ಕೈಕೊಟ್ಟಿತಲ್ಲ ಎಂದುಕೊಳ್ಳುತ್ತ ಅವನು ಬಸ್ಸು ಹತ್ತಿದ.

ಸಿನಿಮಾ ಬಿಡುಗಡೆಯಾಯಿತು. ಪರದೆಯ ಮೇಲೆ ಚೌಕ ಕಾಣಿಸುತ್ತಿದ್ದಂತೆ ಅವನು ಪಿಸುಗುಟ್ಟಿದ: “ಅಮ್ಮಾ, ಈಗ.”

“ಗೊತ್ತು, ಸುಮ್ನಿರು.” ಅವಳು ಏಳಲಿಲ್ಲ. ಅವನೇ ತಲೆ ತಗ್ಗಿಸಿಕೊಂಡ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೊರಗೆ ಬಂದು, ಬಹಳ ದೂರ ನಡೆದ ಮೇಲೆ ಅವಳೆಂದಳು: “ಡಬ್ಬಿ ಬಿಡಲೇ ಇಲ್ವಲ್ಲೋ ನೀನು.”

“ಬಿಡು ಅಂತಲೇ ಹೇಳಿದ್ರು. ಆಗಲಿಲ್ಲ.”

“ನಿಮ್ಮಪ್ಪನೂ ಬಿಟ್ಟಿರಲಿಲ್ಲ. ಬೆರಳು ಬಿಡಿಸಿ ತಂದ್ವಿ ಅಂದ್ರು, ತಂದುಕೊಟ್ಟವರು.”

ಮುಂದಿನ ಕೆಲಸ ಪ್ರವಾಹದ್ದು. ಹೊರಡುವಾಗ ಅದೇ ಡಬ್ಬಿಗೆ ಅನ್ನ ತುಂಬಿ ಕೊಟ್ಟಳು. ಎಲ್ಲಿ ಸಾಯುತ್ತೀಯ ಎಂದು ಕೇಳಲಿಲ್ಲ.

“ಡಬ್ಬೀನ ದಡದಲ್ಲಿಟ್ಟು ಮುಳುಗು,” ಅಂದಳು. “ಮರೆತು ಬಂದೀಯ ಮತ್ತೆ.”